ಇಳಿದವರ ಹೇಳಿಕೆ

ನಮ್ಮೂರಿನ ನಲ್ಲಿಗಳಲ್ಲಿ ನೀರು ಬರಬೇಕಾದರೆ ದಿನಾ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೀದಿಯವರು ಯಾರಾದರೊಬ್ಬರು ಪಂಪ್‌ಹೌಸಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೆಳಗಿಳಿಯಬೇಕು. ದೇಹ ಕುರ್ಚಿಯ ಮೇಲೇ ಇರುತ್ತದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತದೆ: 'ನೀನು ಕಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದೀಯ. ಕೆಳಗೆ ಕತ್ತಲು. ದಾರಿಗಳು: ಉತ್ತರ, ಪೂರ್ವ.' ಕೂತವರು 'ದೀಪ ಹಚ್ಚು' ಎಂದೋ 'ಪೂರ್ವಕ್ಕೆ ನಡೆ' ಎಂದೋ ಒತ್ತಬೇಕು. ಒಂದು ಕೋಣೆ ಮುಗಿದರೆ ಇನ್ನೊಂದು. ಬಾಗಿಲು, ಪಾಳು ಬಾವಿ, ತುಕ್ಕು ಹಿಡಿದ ಸರಪಳಿ, ಮತ್ತೆ ಬಾಗಿಲು. ಕೊನೆಗೆ ನೀರಿನ ಕೋಣೆ. ಅಲ್ಲಿ 'ಚಕ್ರ ತಿರುಗಿಸು' ಎಂದು ಒತ್ತಿದರೆ ಹೊರಗೆ ಪೈಪುಗಳು ಗೊರಗೊರ ಸದ್ದು ಮಾಡಿ ಊರಿಗೆ ನೀರು ಬಿಡುತ್ತವೆ. ಮೊದಲು ಕೋಟೆ ಬೀದಿಗೆ, ಆಮೇಲೆ ಪೇಟೆಗೆ, ಆಮೇಲೆ ಆಫೀಸರ ಕಾಲೋನಿಗೆ. ನಮ್ಮ ಬೀದಿ ಪೈಪಿನ ಕೊನೆಯಲ್ಲಿದೆ. ಕೆಲವು ದಿನ ನಮ್ಮಲ್ಲಿಗೆ ಬರೀ ಗಾಳಿ ಬರುತ್ತದೆ. ಮಾರನೆಯ ದಿನ ಕೆಳಗಿನ ಕೋಣೆಗಳೆಲ್ಲ ಜಾಗ ಬದಲಿಸಿರುತ್ತವೆ.

ನಮ್ಮ ತಾತ ಇಳಿಯುತ್ತಿದ್ದದ್ದು ಊರಿನ ಕಕ್ಕಸು ಗುಂಡಿಗಳಿಗೆ. ಆ ಕೆಲಸಕ್ಕೆ ಯಂತ್ರ ಬಂತು. ಈ ಯಂತ್ರಕ್ಕೆ ನಾವು ಬಂದೆವು. ಬೇರೆಯವರು ಆ ಕುರ್ಚಿಯ ಮೇಲೆ ಕೂರಬಾರದೆಂದು ಎಲ್ಲೂ ಬರೆದಿಲ್ಲ. ಯಾರೂ ಕೂತಿಲ್ಲ, ಅಷ್ಟೇ. ಪಂಪ್‌ಹೌಸಿನ ಮುಂದಿನ ಕೋಣೆಯಲ್ಲಿ ಹೆಡ್ ಗುಮಾಸ್ತ ರಂಗಪ್ರಸಾದರಿಗೆ ಇನ್ನೊಂದು ಕಂಪ್ಯೂಟರ್ ಇದೆ. ಒಂದು ಸಲ ನಮ್ಮ ಕೀಬೋರ್ಡು ಕೆಟ್ಟು ಆರು ದಿನ ಊರಿಗೆ ನೀರಿರಲಿಲ್ಲ. ಕೋಟೆ ಬೀದಿಯವರು ಟ್ಯಾಂಕರ್ ತರಿಸಿಕೊಂಡರು. ಮುಂದಿನ ಕೋಣೆಯ ಕೀಬೋರ್ಡನ್ನು ಹಿಂದಿನ ಕೋಣೆಗೆ ಆರು ದಿನದ ಮಟ್ಟಿಗೆ ತರಬಹುದು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆಮೇಲೆ ಅದನ್ನು ವಾಪಸು ಮುಂದಿನ ಕೋಣೆಗೆ ಒಯ್ಯುವವರು ಯಾರಿದ್ದರು?

ಬೀದಿಯಲ್ಲಿ ಹನ್ನೊಂದು ಮನೆ, ಹನ್ನೊಂದು ಪಾಳಿ. ಮನೆಗಳು ಪಂಪ್‌ಹೌಸಿನವು. ಒಂದು ಮನೆಯಿಂದ ಇಳಿಯುವವರು ಒಬ್ಬರಿರುವ ತನಕ ಆ ಮನೆ ಅವರದು. ಕೆಳಗೆ ಯಾರಾದರೂ ಮುಗಿದರೆ ಅದೇ ದಿನ ಮುಂದಿನ ಮನೆಯವರು ಕೂರಬೇಕು, ನೀರು ಬರುವ ತನಕ.

ಕೆಳಗೆ ಮುಗಿದರೆ ಜೀವಕ್ಕೇನೂ ಆಗುವುದಿಲ್ಲ. ಒಂದು ಪದ ಹೋಗುತ್ತದೆ. ಪರದೆಗೆ ಅರ್ಥವಾದ ಕೊನೆಯ ಪದ ಯಾವುದೋ ಅದು. ಆಮೇಲೆ ಆ ಪದವನ್ನು ಆಡಲು ಆಗುವುದಿಲ್ಲ, ಬೇರೆಯವರು ಆಡಿದರೆ ಕೆಮ್ಮಿದ ಹಾಗೆ ಕೇಳಿಸುತ್ತದೆ, ಬರೆದು ತೋರಿಸಿದರೆ ಗೆರೆಗಳು ಕಾಣಿಸುತ್ತವೆ. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. 'ಉತ್ತರ' ಹೋದವರು ಬಸ್‌ಸ್ಟ್ಯಾಂಡ್ ಕಡೆ ಅನ್ನುತ್ತಾರೆ. 'ನಡೆ' ಹೋದವರು ಪಾದ ಹಾಕು ಅನ್ನುತ್ತಾರೆ. ನಮ್ಮ ಅಕ್ಕ ಸಿದ್ದಾಜಿಗೆ 'ನೋಡು' ಹೋಗಿದೆ, ಕಣ್ಣಾಡಿಸು ಅನ್ನುತ್ತಾಳೆ. ಆರು ವರ್ಷದಲ್ಲಿ ಅವಳ ಒಂಬತ್ತು ಪದ ಹೋಗಿವೆ. ಅಪ್ಪ ಇಪ್ಪತ್ತೆರಡು ವರ್ಷ ಇಳಿದ. ಕೊನೆಗೆ ಕೆಳಗೆ ಉಪಯೋಗಕ್ಕೆ ಬರುವ ಪದಗಳೇ ಅವನಲ್ಲಿ ಉಳಿಯಲಿಲ್ಲ. ಈಗ ಜಗಲಿಯ ಮೇಲೆ ಕೂತಿರುತ್ತಾನೆ. ಅನ್ನ ಕೇಳಬೇಕಾದರೆ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾನೆ. ಊರಿನವರು, ಜವನಯ್ಯ ಬಲು ಸಾಧು ಮನುಷ್ಯ, ಮಾತೇ ಆಡಲ್ಲ, ಅನ್ನುತ್ತಾರೆ.

ಕೆಳಗೆ ಯಾವುದೋ ಒಂದು ಕೋಣೆಯಲ್ಲಿ ಒಬ್ಬನಿರುತ್ತಾನೆ. ದಿನಾ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಅವನನ್ನು ಸಾಹೇಬ್ರು ಅನ್ನುತ್ತಾರೆ, ಏಕೆಂದರೆ ಅವನು ಮರ್ಯಾದೆಯಾಗಿ ಕೇಳುತ್ತಾನೆ. ಪರದೆಯ ಮೇಲೆ ಬರುತ್ತದೆ: 'ನಿನ್ನನ್ನು ಮುಗಿಸಲೇ?' ಮೊದಲ ಸಲ ಇಳಿದವರೆಲ್ಲರೂ ಅದಕ್ಕೆ ಕೊಟ್ಟ ಜವಾಬು ಒಂದೇ: ಬೇಡ. ನಮ್ಮ ಬೀದಿಯವರನ್ನು ಯಾರಾದರೂ ಏನನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು. ಕೇಳಿದರು ಅಂದಮೇಲೆ ಹೇಳಬಹುದು ಅಂದುಕೊಂಡರು. 'ನೀನು ಮುಗಿದೆ' ಎಂದು ಬಂತು, ಪದ ಹೋಯಿತು. ಬೀದಿಯ ಹನ್ನೊಂದು ಮನೆಯಲ್ಲಿ ಇಳಿದವರ ಪೈಕಿ ಆ ಪದ ಯಾರ ಬಳಿಯೂ ಇಲ್ಲ.

ಹೊಸಬರಿಗೆ ಹಳಬರು ಎಚ್ಚರಿಕೆ ಹೇಳುವುದಿಲ್ಲವೇ ಎಂದು ಹಾಸ್ಟೆಲಿನಲ್ಲಿ ಒಬ್ಬ ನನ್ನನ್ನು ಕೇಳಿದ್ದ. ಹೇಳುತ್ತಾರೆ. ಅಕ್ಕ ಮೊದಲ ಸಲ ಕೂರುವ ಮುಂಚೆ ಪಕ್ಕದ ಮನೆಯ ಕಾಳಸ್ವಾಮಿ ದೊಡ್ಡಪ್ಪ ಬಂದು ಹೇಳಿದ್ದನಂತೆ. "ಸಾಹೇಬ್ರು ಕೇಳ್ದಾಗ ಆ ಮಾತ ಒತ್ಬಾರ್ದು ಕಣವ್ವ." "ಯಾವ್ ಮಾತು ದೊಡ್ಡಪ್ಪ?" "ಅದೇ." "ಅದೇ ಅಂದ್ರೆ?" "ಗೊತ್ತಿದ್ರೆ ಹೇಳ್ತಿರ್ಲಿಲ್ವ?" ಅವಳು ಹೋಗಿ ಅದನ್ನೇ ಒತ್ತಿದಳು. ಆಗ ಅವಳಿಗೆ ಹತ್ತೊಂಬತ್ತು. ಅವಳು ಕೂತದ್ದರಿಂದ ಮನೆ ಉಳಿಯಿತು, ನಾನು ಹಾಸ್ಟೆಲಿನಲ್ಲಿ ಉಳಿದೆ.

ಪೇಟೆಯ ಅಂಗಡಿಯವರಿಗೆ ಈ ವಿಷಯ ಚೆನ್ನಾಗಿ ಗೊತ್ತು. ನಮ್ಮ ಬೀದಿಯವರು ಅರ್ಧ ಕೆಜಿ ಈರುಳ್ಳಿ ಕೇಳಿದರೆ, "ಇನ್ನೊಂದ್ ಕೆಜಿ ಹಾಕ್ಲಾ?" ಅನ್ನುತ್ತಲೇ ಹಾಕಿರುತ್ತಾರೆ. ಅಕ್ಕ ಚೀಲದ ಬಾಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದುಕೊಂಡೇ ವ್ಯಾಪಾರ ಮಾಡುತ್ತಾಳೆ. ಮದುವೆಗಳಲ್ಲಿ ಬಡಿಸುವವರು ಬಂದಾಗ ನಮ್ಮವರು ಎಲೆಯ ಮೇಲೆ ಬೋರಲು ಬಿದ್ದು ಕಾಪಾಡಿಕೊಳ್ಳುತ್ತಾರೆ. ನೋಡಿದವರು ನಗುತ್ತಾರೆ.

ನಾನು ಶಿವಮಲ್ಲು. ಹತ್ತು ವರ್ಷ ಹಾಸ್ಟೆಲಿನಲ್ಲಿದ್ದೆ, ಬಿ.ಎ. ಕೊನೆಯ ವರ್ಷದವರೆಗೆ. ಹಾಸ್ಟೆಲಿನ ಲೈಬ್ರರಿ ಅಂದರೆ ಅಡುಗೆಮನೆಯ ಪಕ್ಕದ ಎರಡು ಬೀರು. ಅದರಲ್ಲಿದ್ದದ್ದನ್ನೆಲ್ಲ ಓದಿದ್ದೆ, ಸಹಕಾರಿ ಸಂಘಗಳ ಕಾಯ್ದೆಯನ್ನೂ ಸೇರಿಸಿ. ರಜೆಗೆ ಬಂದಾಗ ಬೀದಿಯವರ ಮಾತು ಕೇಳಿಸಿಕೊಂಡು ಯಾರಲ್ಲಿ ಯಾವ ಪದ ಇಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅದನ್ನೇ ಅರ್ಜಿ ಮಾಡಿ ರಾಜಧಾನಿಗೆ ಕಳಿಸಿದೆ. ಏಳು ಸಲ ಕಳಿಸಿದೆ. ಎಂಟನೆಯ ತಿಂಗಳು ಜವಾಬು ಬಂತು. ವಿಚಾರಣಾಧಿಕಾರಿ ಬರುತ್ತಾರೆ, ಇಳಿಯುವ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ಬಾಧಿತರ ಹೇಳಿಕೆ ಪಡೆಯುತ್ತಾರೆ, ಹೆಚ್ಚಿನವರು ಹೇಳಿದಂತೆ ತೀರ್ಮಾನವಾಗುತ್ತದೆ. ನಿಂತರೆ ಹನ್ನೊಂದು ಮನೆಯವರಿಗೂ ಬೇರೆ ಕೆಲಸ, ಮನೆ ಅವರ ಹೆಸರಿಗೆ.

ಆ ಕಾಗದ ಹಿಡಿದು ಊರಿಗೆ ಬಂದೆ. ರಂಗಪ್ರಸಾದರು ಅದರ ಪ್ರತಿಯನ್ನು ಆಗಲೇ ನೋಡಿದ್ದರು. ಕನ್ನಡಕ ಹಣೆಗೆ ಏರಿಸಿ, "ಬಾರಪ್ಪ ಲೇಖಕ," ಎಂದರು. "ನಿಮ್ಮ ಬೀದಿಗೆ ಒಳ್ಳೇದಾದ್ರೆ ನಂಗೂ ಸಂತೋಷಾನೇ. ಆದ್ರೆ ಕಲಂ ನಾಲ್ಕು ಓದಿದ್ಯಾ? ಬಾಧಿತರು ಅಂದ್ರೆ ಕನಿಷ್ಠ ಒಂದು ಸಲ ಇಳಿದವರು. ನೀನು ಇಳಿದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ್ಕೋಬಹುದು. ಕಾಫಿ ಕೊಡ್ತೀವಿ."

"ಅವರಲ್ಲಿ ಯಾರಿಗೂ ಆ ಪದ ಇಲ್ಲ ಸಾರ್. ಹೇಳಿಕೆ ಹೇಗೆ ಕೊಡ್ತಾರೆ?"

"ಬೇರೆ ಪದದಲ್ಲಿ ಹೇಳ್ಲಿ."

"ನಮೂನೇಲಿ ಬೇಕು, ಬೇಡ ಅಂತ ಎರಡೇ ಇದೆಯಲ್ಲ."

"ನಮೂನೆ ನಾನು ಮಾಡಿದ್ದಾ?" ಎಂದರು ರಂಗಪ್ರಸಾದರು. ಅವರು ಹೇಳಿದ್ದು ನಿಜವೇ. ಅವರು ಮಾಡಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ನಮ್ಮ ಮನೆಯ ಪಾಳಿ ಇತ್ತು. ನಾನೇ ಕೂರುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ನನ್ನನ್ನು ಆ ಕೋಣೆಯ ಬಾಗಿಲಿಗೂ ಸುಳಿಯಗೊಡದೆ ಬೆಳೆಸಿದವಳು ಅವಳು.

"ಕೂರಾದು ಕೂತ್ಕ," ಎಂದಳು. "ಆದ್ರೆ ಸುಮ್ಕೆ ಕೂತ್ರೆ ಆಗಕಿಲ್ಲ. ಒಂದು ಪದ ಕೊಟ್ಬುಟ್ಟು ಬರ್ಬೇಕು."

"ಯಾಕೆ?"

"ವಿಚಾರಣೆ ಮಾಡಕ್ ಬರೋ ಆಯಮ್ಮ ನಿನ್ನ ಕೇಳ್ತಾಳೆ, ನಿಂಗೇನ್ ಹೋಯ್ತಪ್ಪಾ ಅಂತ. ಆಗ ತೋರಿಸಕ್ಕೆ ಒಂದಾರ ಇರ್ಬೇಕಲ್ಲ. ಬರೇ ಬಾಯಿ ಇಟ್ಕಂಡ್ ಹೋದ್ರೆ ಯಾರ್ ಕೇಳಾರು? ನಿನ್ ಮಾತೂ ಇರ್ಬೇಕು, ಒಂದ್ ಗಾಯಾನೂ ಇರ್ಬೇಕು. ನಮ್ಮಲ್ಲಿ ಗಾಯ ಅದೆ, ಮಾತಿಲ್ಲ."

ಒಂದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನಾನು ಏಳು ಅರ್ಜಿಯಲ್ಲಿ ಬರೆಯಲಾರದ್ದನ್ನು ರೊಟ್ಟಿ ತಿರುವಿಹಾಕುತ್ತಾ ಹೇಳಿದಳು. ಯಾವ ಪದ ಕೊಡುವುದು ಎಂದು ಇಬ್ಬರೂ ಕೂತು ಯೋಚಿಸಿದೆವು. ನನಗೆ ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ. ಅವಳಿಗೆ ಸಿಟ್ಟು ಬಂತು. "ಎಲ್ಲಾನೂ ಇಟ್ಕಂಡು ಏನ್ ಮಾಡೀಯ, ಉಪ್ಪಿನಕಾಯಿ ಹಾಕೀಯ? ಎಗರು ಕೊಟ್ಬುಡು. ನೀನ್ ಹುಟ್ದಾಗಿಂದ ಎಗರಿದ್ದೇ ನಾ ಕಾಣೆ." ಹಾಗೆ 'ಎಗರು' ಎಂದು ತೀರ್ಮಾನವಾಯಿತು. ಸಾಹೇಬರು ಸಿಕ್ಕಿ ಕೇಳಿದ ಕೂಡಲೇ 'ಎಗರು' ಎಂದು ಒತ್ತುವುದು, ಮುಗಿಯುವುದು, ಎದ್ದು ಬರುವುದು. ನೀರಿಗೆ ಮುಂದಿನ ಮನೆಯ ಕಾಳಸ್ವಾಮಿ ದೊಡ್ಡಪ್ಪ ಕೂರುವುದು. ಅವನಿಗೂ ಹೇಳಿ ಒಪ್ಪಿಸಿದೆವು. "ನಂದಿನ್ನೊಂದ್ ಹೋದ್ರೆ ಹೋಯ್ತದೆ," ಎಂದ. "ಹಳೇ ಬಟ್ಟೇಲಿ ಇನ್ನೊಂದ್ ತೂತು."

ಬೆಳಿಗ್ಗೆ ಆರಕ್ಕೆ ಕೂತೆ. ಅಕ್ಕ ಹಿಂದೆ ಗೋಡೆಗೆ ಒರಗಿ ನಿಂತಳು. ಕುರ್ಚಿಯ ಪ್ಲಾಸ್ಟಿಕ್ಕು ಅಪ್ಪನ ಕಾಲದಿಂದ ಸವೆದು ನಡುವೆ ತಗ್ಗಾಗಿತ್ತು. ಪರದೆ ಬೆಳಗಿತು. 'ನೀನು ಕಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದೀಯ.' ದೀಪ ಹಚ್ಚಿದೆ. ಪಶ್ಚಿಮಕ್ಕೆ ನಡೆದೆ.

ನಮ್ಮವರು ಆಡುವ ಕ್ರಮ ಒಂದಿದೆ. ಕೋಣೆಯೊಳಗೆ ಹೋದರೆ ಪರದೆಯಲ್ಲಿ ಆರೇಳು ಸಾಲು ಬರುತ್ತದೆ. ಅವರು ಕೊನೆಯ ಸಾಲನ್ನು ಮಾತ್ರ ನೋಡುತ್ತಾರೆ, ದಾರಿಗಳು ಯಾವುವು ಎಂದು ಹೇಳುವ ಸಾಲು. ಮೂವತ್ತು ಪದ ಗುರುತು ಹಿಡಿಯಲು ಕಲಿಸಿ ಕೂರಿಸಿದರೆ ಇನ್ನೇನು ನೋಡುತ್ತಾರೆ? ಮೇಲಿನ ಸಾಲುಗಳು ಅವರಿಗೆ ಗೋಡೆಯ ಸುಣ್ಣದ ಹಾಗೆ. ಒಂದು ದಾರಿ ಹಿಡಿಯುವುದು, ಮುಚ್ಚಿದ್ದರೆ ವಾಪಸು ಬರುವುದು, ಇನ್ನೊಂದು ಹಿಡಿಯುವುದು. ನೀರಿನ ಕೋಣೆ ಸಿಗಲು ಒಂದೂವರೆ ಗಂಟೆಯಾದರೂ ಬೇಕು. ಅಷ್ಟರಲ್ಲಿ ಸಾಹೇಬರು ಎಲ್ಲೋ ಒಂದು ಕಡೆ ಸಿಗುತ್ತಾರೆ.

ನಾನು ಮೇಲಿನ ಸಾಲುಗಳನ್ನು ಓದಿದೆ. ಓದದೆ ಇರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. 'ಗೋಡೆ ಇಲ್ಲಿ ತಣ್ಣಗಿದೆ. ಎಡಗಡೆಯ ಕಲ್ಲಿನ ಮೇಲೆ ಪಾಚಿ ಹಸಿಯಾಗಿದೆ, ಬಲಗಡೆಯದು ಒಣಗಿದೆ.' ಹಸಿಯಿರುವ ಕಡೆ ನೀರಿದೆ ಎಂದಲ್ಲವೇ ಅದರ ಅರ್ಥ. ಎಡಕ್ಕೆ ಹೋದೆ. ಮುಂದಿನ ಕೋಣೆಯಲ್ಲಿ 'ಇಲಿಗಳ ಹೆಜ್ಜೆಗಳು ಒದ್ದೆಯಾಗಿ ದಕ್ಷಿಣದಿಂದ ಬಂದಿವೆ.' ದಕ್ಷಿಣಕ್ಕೆ ಹೋದೆ. ಯಾರೋ ಕೈಹಿಡಿದು ಕರೆದುಕೊಂಡು ಹೋಗುವ ಹಾಗೆ ಎಲ್ಲವನ್ನೂ ಬರೆದಿತ್ತು. ಇಪ್ಪತ್ತೆರಡು ವರ್ಷ ಅಪ್ಪನ ಕಣ್ಣೆದುರಿಗೂ ಬರೆದಿತ್ತು. ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಮಜಾ ಬಂತು.

ಹತ್ತೊಂಬತ್ತನೆಯ ನಿಮಿಷಕ್ಕೆ ಸಾಹೇಬರು ಸಿಕ್ಕರು. 'ದಾರಿಗೆ ಅಡ್ಡವಾಗಿ ಒಬ್ಬ ಮುದುಕ ಕೂತಿದ್ದಾನೆ. ಅವನ ಕಣ್ಣುಗಳು ಮುಚ್ಚಿಹೋಗಿವೆ. ತುಟಿ ಒಡೆದಿದೆ. ಮಡಿಲಲ್ಲಿ ಖಾಲಿ ಬಟ್ಟಲು. ಸೂರಿನಿಂದ ಒಂದೊಂದೇ ಹನಿ ಅವನ ಕೈಗೆ ಸಿಗದಷ್ಟು ದೂರದಲ್ಲಿ ತೊಟ್ಟಿಕ್ಕುತ್ತಿದೆ. ಅವನು ನಿನ್ನ ಹೆಜ್ಜೆ ಕೇಳಿ ಕತ್ತು ಎತ್ತುತ್ತಾನೆ. ನಿನ್ನನ್ನು ಮುಗಿಸಲೇ?'

ಅಕ್ಕನಿಗೆ ಕೊನೆಯ ಸಾಲು ಗುರುತಾಯಿತು. ಹಿಂದಿನಿಂದ, "ಒತ್ತು," ಎಂದಳು.

ನನ್ನ ಬೆರಳು 'ಎ' ಮೇಲಿತ್ತು. ಸುಳ್ಳು ಹೇಳುವುದಿಲ್ಲ. ಏನು ಮಾಡಬೇಕು ಎಂದು ನನಗೆ ಪೂರಾ ಗೊತ್ತಿತ್ತು. ಬೀದಿಗೆ ಏನು ಬೇಕು, ಅಕ್ಕನಿಗೆ ಏನು ಬೇಕು, ನಾಳೆ ಏನು ತೋರಿಸಬೇಕು, ಎಲ್ಲ ಗೊತ್ತಿತ್ತು. ಆದರೆ ಹತ್ತು ವರ್ಷ ಹಾಸ್ಟೆಲಿನಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ. ಜವಾಬು ಗೊತ್ತಿರುವ ಪ್ರಶ್ನೆಯನ್ನು ಬಿಟ್ಟು ಬರುವ ಅಭ್ಯಾಸ ನನಗಿರಲಿಲ್ಲ. ಬಿಟ್ಟಿದ್ದರೆ ನಾನು ಹಾಸ್ಟೆಲಿನಲ್ಲೇ ಇರುತ್ತಿರಲಿಲ್ಲ. ಅಷ್ಟು ವರ್ಷ ಇಷ್ಟು ಜನರನ್ನು ತಿಂದ ಪ್ರಶ್ನೆ ನನ್ನ ಎದುರಿಗಿತ್ತು, ಅದರ ಜವಾಬು ಅದರ ಮೇಲಿನ ಸಾಲಿನಲ್ಲೇ ಇತ್ತು.

"ಒತ್ತೋ," ಎಂದಳು ಅಕ್ಕ.

'ಬಟ್ಟಲನ್ನು ಹನಿಯ ಕೆಳಗೆ ಇಡು' ಎಂದು ಒತ್ತಿದೆ.

'ಮುದುಕ ನೀರು ಕುಡಿಯುತ್ತಾನೆ. ಕಾಲು ಮಡಚಿ ದಾರಿ ಬಿಡುತ್ತಾನೆ.'

ಇನ್ನು ಎರಡು ಕೋಣೆ ದಾಟಿದರೆ ಚಕ್ರ. ತಿರುಗಿಸಿದೆ. ಹೊರಗೆ ಪೈಪುಗಳು ಗೊರಗೊರ ಅಂದವು. ಗೋಡೆಯ ಗಡಿಯಾರದಲ್ಲಿ ಆರು ಇಪ್ಪತ್ತನಾಲ್ಕು. ಬಾಗಿಲ ಹೊರಗೆ ತನ್ನ ಸರದಿಗೆಂದು ಬೀಡಿ ಸೇದುತ್ತಾ ಕೂತಿದ್ದ ಕಾಳಸ್ವಾಮಿ ದೊಡ್ಡಪ್ಪ ಇಣುಕಿ, "ಏನ್ಲಾ, ನೀರ್ ಬಂದ್ಬುಡ್ತು?" ಎಂದ. ನನ್ನ ಮುಖದಲ್ಲಿ ನಗು ಇತ್ತು. ತಿರುಗಿ ಅಕ್ಕನನ್ನು ನೋಡಿದಾಗ ಹೋಯಿತು.

"ಎಗರು ಅಂತ ಒತ್ತು ಅಂದಿದ್ದೆ," ಎಂದಳು.

"ಅವನು ಕುರುಡ ಅಕ್ಕ. ಬಾಯಾರಿಕೆಯಾಗಿತ್ತು ಅವನಿಗೆ. ಅಲ್ಲೇ ಬರೆದಿತ್ತು. ಬಟ್ಟಲು..."

"ನಾ ಕೇಳಿದ್ದು ಅದಲ್ಲ ಮಲ್ಲು."

"ಇನ್ನು ಮೇಲೆ ಯಾರೂ ಮುಗಿಯೋ ಹಾಗಿಲ್ಲ. ನಾನು ಎಲ್ಲರಿಗೂ ಹೇಳಿಕೊಡ್ತೀನಿ."

"ಓದಾದನ್ನ? ದೊಡ್ಡಪ್ಪಂಗೆ? ಅಪ್ಪಂಗೆ? ನಂಗೆ?" ಅವಳು ಸೆರಗು ಸಿಕ್ಕಿಸಿಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು. ಅವತ್ತು ನಮ್ಮ ಬೀದಿಗೂ ಎರಡು ಗಂಟೆ ನೀರು ಬಂತು. ಜನ ಹಂಡೆಗಳನ್ನೆಲ್ಲ ತುಂಬಿಸಿಕೊಂಡು ನನ್ನನ್ನು ಹೊಗಳಿದರು. ಅಕ್ಕ ಒಂದು ಕೊಡ ಕೂಡ ಹಿಡಿಯಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಪಂಪ್‌ಹೌಸಿನ ಮುಂದಿನ ಕೋಣೆಯಲ್ಲಿ ವಿಚಾರಣೆ ನಡೆಯಿತು. ನಮ್ಮಲ್ಲಿ ಬಹಳ ಜನ ಮುಂಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲು. ವಿಚಾರಣಾಧಿಕಾರಿ ಸುಲೋಚನಾ ಮೇಡಂ ಒಳ್ಳೆಯವರು. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿದರು, ಎಲ್ಲರನ್ನೂ ನೀವು ಎಂದರು, ಅಪ್ಪನಿಗೆ ತಾವೇ ನೀರು ಕೊಟ್ಟರು. ನಮೂನೆ ಓದಿ ಹೇಳಿದರು. ಮೊದಲು ಕಾಳಸ್ವಾಮಿ ದೊಡ್ಡಪ್ಪನನ್ನು ಕರೆದರು.

"ಈ ಕೆಲಸ ನಿಮಗೆ ಬೇಕೋ ಬೇಡವೋ?"

"ಏನಮ್ಮ ಕೇಳ್ತಾ ಇರಾದು? ಬೇಕಾ ಅಂದ್ರಿ, ಆಮೇಲೆ ಕೆಮ್ಮಿದ್ರಿ."

"ನಾನು ಕೆಮ್ಮಲಿಲ್ಲ. ಬೇಕೋ ಬೇಡವೋ ಅಂದೆ."

"ಮತ್ತೆ ಕೆಮ್ಮಿದ್ರಿ. ಬಿಸ್ನೀರ್ ಕುಡೀರಿ ಅವ್ವಾ."

ಮೇಡಂ ನಗಲಿಲ್ಲ. "ಈ ಕೆಲಸ ಬೇಕೇ ನಿಮಗೆ?" ಎಂದರು.

"ಬೇಕು ಅನ್ನಕ್ಕೆ ನಂಗೇನ್ ಹುಚ್ಚಾ? ತಕ್ಕಂಡೋಗಿ ನೀವೇ ಮಡಿಕಳಿ ಅತ್ಲಾಗೆ."

"ಹಾಗಾದರೆ ಎರಡನೆಯ ಪದ ಹೇಳಿ. ನಿಮ್ಮ ಬಾಯಿಂದಲೇ ಬರಬೇಕು. ನಾನು ಬಾಯಿಗೆ ತುರುಕುವ ಹಾಗಿಲ್ಲ."

ದೊಡ್ಡಪ್ಪ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು. ಗಾಳಿ ಬಂತು. ರಂಗಪ್ರಸಾದರು ಬಗ್ಗಿ ಮೆಲ್ಲಗೆ ಹೇಳಿದರು: "ಮೇಡಂ, ನಮೂನೇಲಿ ಎರಡೇ ಕಾಲಂ. ಖಾಲಿ ಬಿಟ್ರೆ ಆಕ್ಷೇಪಣೆ ಇಲ್ಲ ಅಂತಾನೇ ಆಗುತ್ತೆ." ಮೇಡಂ ಖಾಲಿ ಬಿಟ್ಟರು. ಹೀಗೆ ಒಬ್ಬೊಬ್ಬರೇ ಎದ್ದು ಬಂದರು. ಒಬ್ಬರು ಅತ್ತರು. ಒಬ್ಬರು ಚಪ್ಪಲಿ ಬಿಟ್ಟು ನಿಂತು ಸುಮ್ಮನೆ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸಿದ್ದನ್ನು ಬರೆಯಲು ಕಾಲಂ ಇರಲಿಲ್ಲ. ಅಪ್ಪ ಎದ್ದೇಳಲೇ ಇಲ್ಲ. ಅಕ್ಕ ಎದ್ದು ಹೋಗಿ, "ನಂದು ನಮ್ ತಮ್ಮ ಹೇಳ್ತನೆ," ಎಂದು ಹೇಳಿ ಬಂದು ಕೂತಳು. ಅದನ್ನೂ ಖಾಲಿ ಬಿಟ್ಟರು.

ಕೊನೆಗೆ ನನ್ನನ್ನು ಕರೆದರು. ಎದ್ದು ನಿಂತು, ಕೋಣೆಯ ಕೊನೆಗೂ ಕೇಳುವ ಹಾಗೆ, "ಬೇಡ," ಎಂದೆ.

ಆಮೇಲೆ ತಿರುಗಿ ನಮ್ಮವರನ್ನು ನೋಡಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದರು. ನಾನು ಹೇಳಿಯಾಗಿದೆ ಎಂದು ಅವರಿಗೆ ಗೊತ್ತಾಗಿರಲಿಲ್ಲ.

"ಯಾಕೆ ಬೇಡ?" ಎಂದರು ಮೇಡಂ. ನಾನು ನೋಟ್‌ಬುಕ್ ತೆರೆದು ಅರ್ಧ ಗಂಟೆ ಮಾತಾಡಿದೆ. ಯಾರಿಗೆ ಯಾವ ಪದ ಹೋಗಿದೆ, ಅದರಿಂದ ಏನಾಗಿದೆ, ಅಂಗಡಿಯವರು ಏನು ಮಾಡುತ್ತಾರೆ, ಎಲ್ಲ. ಚೆನ್ನಾಗಿ ಮಾತಾಡಿದೆ. ಮೇಡಂ ನಡುನಡುವೆ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ನಿಮಗೆ ಏನು ಹೋಗಿದೆ?"

ನಾನು ನೋಟ್‌ಬುಕ್ ಮುಚ್ಚಿದೆ.

"ನೀವು ಇಳಿದಿದ್ದೀರಲ್ಲ?"

"ನಿನ್ನೆ ಇಳಿದೆ."

ರಂಗಪ್ರಸಾದರು ಹಾಜರಿ ಪುಸ್ತಕ ಮುಂದೆ ಸರಿಸಿದರು. "ಇಪ್ಪತ್ತನಾಲ್ಕು ನಿಮಿಷ ಮೇಡಂ. ನಾನು ಬಂದಾಗಿಂದ ಇಷ್ಟು ಬೇಗ ನೀರು ಬಂದಿದ್ದೇ ಇಲ್ಲ. ಮಿಕ್ಕೋರಿಗೆ ಒಂದೂವರೆ ಗಂಟೆ. ಕೆಲವು ದಿನ ಮಧ್ಯಾಹ್ನ ಆಗತ್ತೆ. ಹುಡುಗನಿಗೆ ಏನೂ ಆಗಿಲ್ಲ, ನೀವೇ ಕೇಳಿದ್ರಲ್ಲ, ಅರ್ಧ ಗಂಟೆ ಭಾಷಣ ಮಾಡ್ದ."

ಮೇಡಂ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ಕುತೂಹಲವಿತ್ತು. "ಹೇಗೆ ಮಾಡಿದಿರಿ?" ಎಂದರು.

ಈ ಪ್ರಶ್ನೆಗೆ ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು, ಅದೃಷ್ಟ ಎನ್ನಬಹುದಿತ್ತು. "ಪೂರ್ತಿ ಓದಿದೆ," ಎಂದೆ. ಅವರು ಬರೆದುಕೊಂಡರು.

ಮನೆಗೆ ಬರುತ್ತಾ ಅಕ್ಕ ದಾರಿಯಲ್ಲಿ ಒಂದೇ ಮಾತು ಕೇಳಿದಳು. "ಹೇಳ್ದಾ?"

"ಹೇಳಿದೆ."

"ಯಾವಾಗ? ನಂಗ್ ಕೇಳಿಸ್ನೇ ಇಲ್ವಲ್ಲ."

"ಮೊದಲೇ ಹೇಳಿದೆ ಅಕ್ಕ. ನಿನಗೆ ಅದು ಕೇಳಿಸಲ್ಲ."

"ಹೂಂ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಗಾಯ ಇದ್ದಿದ್ರೆ ಕಾಣ್ಸದು," ಎಂದಳು.

ಎರಡು ತಿಂಗಳಿಗೆ ವರದಿ ಬಂತು. ಹನ್ನೆರಡು ಪುಟ, ನೀಟಾಗಿ ಬರೆದದ್ದು. ಹೇಳಿಕೆ ಕೊಟ್ಟವರಲ್ಲಿ ಒಬ್ಬರನ್ನು ಬಿಟ್ಟು ಯಾರಿಂದಲೂ ಆಕ್ಷೇಪಣೆ ಇಲ್ಲ. ಆಕ್ಷೇಪಣೆ ಮಾಡಿದವರಿಗೆ ಯಾವ ನಷ್ಟವೂ ಆಗಿಲ್ಲ. ಪದನಷ್ಟಕ್ಕೆ ಕಾರಣ ಕೆಲಸವಲ್ಲ, ಕೆಲಸ ಮಾಡುವವರ ಓದಿನ ಕೊರತೆ. ಆದ್ದರಿಂದ ಇನ್ನು ಮುಂದೆ ಇಳಿಯುವವರು ಕನಿಷ್ಠ ಪಿ.ಯು.ಸಿ. ಓದಿರಬೇಕು. ಈಗ ಇರುವವರನ್ನು ಮಾನವೀಯ ದೃಷ್ಟಿಯಿಂದ ಬಿಡುಗಡೆ ಮಾಡತಕ್ಕದ್ದು. ಅವರ ಜಾಗಕ್ಕೆ ಅದೇ ಬೀದಿಯ ಓದಿದ ಮಕ್ಕಳನ್ನು ತೆಗೆದುಕೊಳ್ಳತಕ್ಕದ್ದು, ಮನೆ ಹಕ್ಕಿಗೆ ಧಕ್ಕೆಯಾಗದಂತೆ. 'ಅದೇ ಬೀದಿಯ' ಎಂಬ ಎರಡು ಪದಗಳ ಕೆಳಗೆ ಯಾರೂ ಗೆರೆ ಎಳೆದಿರಲಿಲ್ಲ. ಎಳೆಯುವ ಅಗತ್ಯವಿರಲಿಲ್ಲ. ಓದುವ ಮಕ್ಕಳಿಗೆಂದು ಜಿಲ್ಲೆಯ ಹಾಸ್ಟೆಲಿನಲ್ಲಿ ಹನ್ನೊಂದು ಸೀಟು ಹೆಚ್ಚು ಮಾಡಿದರು. ಲೈಬ್ರರಿಯ ಎರಡು ಬೀರುಗಳನ್ನು ಹೊರಗಿಟ್ಟು ಆ ಜಾಗದಲ್ಲಿ ಅಭ್ಯಾಸಕ್ಕೆಂದು ಒಂದು ಪರದೆ ಇಟ್ಟಿದ್ದಾರಂತೆ.

ನಮ್ಮ ಬೀದಿಯಲ್ಲಿ ಪಿ.ಯು.ಸಿ. ದಾಟಿದವನು ಆಗ ನಾನೊಬ್ಬನೇ. ನಾನು ಕೂರದಿದ್ದರೆ ಅಪ್ಪನೂ ಅಕ್ಕನೂ ಮನೆ ಖಾಲಿ ಮಾಡಬೇಕಿತ್ತು. ಉಳಿದ ಹತ್ತು ಮನೆಗೆ ಮಕ್ಕಳು ಓದಿ ಮುಗಿಸುವ ತನಕ ನಾಲ್ಕು ವರ್ಷ ಗಡುವು ಸಿಕ್ಕಿತು, ಅಲ್ಲಿಯವರೆಗೆ ಎಲ್ಲರ ಪಾಳಿಯೂ ನನ್ನದು ಎಂಬ ಷರತ್ತಿನ ಮೇಲೆ. ಬಿ.ಎ. ಕೊನೆಯ ಪರೀಕ್ಷೆಗೆ ನಾನು ಕೂರಲಿಲ್ಲ. ಆ ಕುರ್ಚಿಯ ಮೇಲೆ ದಿನಾ ಕೂರುತ್ತೇನೆ. ಸಾಹೇಬರು ಪ್ರತಿ ಸಲ ಬೇರೆ ವೇಷದಲ್ಲಿರುತ್ತಾರೆ. ಒಮ್ಮೆ ಬಾಣಂತಿ, ಒಮ್ಮೆ ಕಾವಲುಗಾರ, ಒಮ್ಮೆ ಬರೀ ಒಂದು ಕೆಮ್ಮು. ಪ್ರತಿ ಸಲ ಮೇಲಿನ ಸಾಲುಗಳಲ್ಲಿ ಅವರಿಗೇನು ಬೇಕೆಂದು ಬರೆದಿರುತ್ತದೆ, ಪ್ರತಿ ಸಲ ಹೊಸದಾಗಿ ಹುಡುಕಬೇಕು. ಸಾಮಾನ್ಯವಾಗಿ ಸಿಗುತ್ತದೆ. ಹೋದ ಚಳಿಗಾಲದಲ್ಲಿ ಜ್ವರವಿತ್ತು, ಒಂದು ಸಾಲು ತಪ್ಪಿತು, ಒಂದು ಪದ ಹೋಯಿತು. ಯಾವುದೆಂದು ಬರೆಯಲಾರೆ. ಕೈಯಲ್ಲಿರುವ ಕಲ್ಲನ್ನು ದೂರಕ್ಕೆ ಬೀಸಿ ಬಿಡುತ್ತಾರಲ್ಲ, ಅದಕ್ಕೆ ಜನ ಏನೋ ಅನ್ನುತ್ತಾರೆ. ಅದು.

ಕೋಟೆ ಬೀದಿಯವರು ನನಗೆ ಶಾಲು ಹೊದಿಸಿದರು. ಹಿಂಬಾಗಿಲಿನ ಹತ್ತಿರ ನಿಲ್ಲಿಸಿ ಹೊದಿಸಿದರು. ಅಕ್ಕ ಈಗ ಪಂಪ್‌ಹೌಸಿನ ಮುಂದಿನ ಕೋಣೆ ಗುಡಿಸುತ್ತಾಳೆ. ನನ್ನ ಹತ್ತಿರ ಅಷ್ಟಾಗಿ ಮಾತಾಡುವುದಿಲ್ಲ. ಪದಗಳಿಲ್ಲದೆ ಅಲ್ಲ.

ಮೊನ್ನೆ ರಂಗಪ್ರಸಾದರನ್ನು ಕೇಳಿದೆ, "ಸಾರ್, ಮತ್ತೆ ವಿಚಾರಣೆ ಯಾವಾಗ?" ಅವರು ಯಾವ ವಿಚಾರಣೆ ಎಂದರು. ನೆನಪು ಮಾಡಿಕೊಟ್ಟೆ. "ಅದು ಮುಗೀತಲ್ಲಪ್ಪ," ಎಂದರು, "ನೀನೇ ಹೇಳಿಕೆ ಕೊಟ್ಟಿದ್ದೀಯಲ್ಲ." ಆ ಪದ ನನ್ನ ಹತ್ತಿರ ಇನ್ನೂ ಇದೆ. ಅದನ್ನು ಪರದೆಯ ಮುಂದೆ ಒಂದು ಸಲವೂ ಒತ್ತಿಲ್ಲ. ಬೆಳಿಗ್ಗೆ ಕೂರುವ ಮೊದಲು ಇದೆಯೋ ಇಲ್ಲವೋ ಎಂದು ಒಂದು ಸಲ ಮೆಲ್ಲಗೆ ಹೇಳಿ ನೋಡಿಕೊಳ್ಳುತ್ತೇನೆ. ಬಾಗಿಲ ಹತ್ತಿರ ಯಾರಾದರೂ ನಮ್ಮವರಿದ್ದರೆ, ಕೆಮ್ಮಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.